ಬಂಡಿ ಜಾಡಿನಲ್ಲಿ ದೊರೆಯ ಬಗ್ಗಿ

ಹೋದ ವಾರ ಅರಳೆಯ ಕೆಲಸದ ಮೇಲೆ ಕುರುಗೋಡಿಗೆ ಹೋಗಿದ್ದೆ. ಬಸವೇಶ್ವರ ಗುಡಿಯ ಹಿಂದಿನ ಬೀದಿಗೆ ತಿರುಗಿದ ಕೂಡಲೇ ಕೀಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಬಂಡಿಯ ಅಚ್ಚಿಗೆ ಹಚ್ಚುತ್ತಾರಲ್ಲ, ಆ ಕಪ್ಪು ಎಣ್ಣೆ. ಒಬ್ಬ ಜಟಕಾದವನು ಗಾಲಿ ಕಳಚಿಟ್ಟು ಹಚ್ಚುತ್ತಿದ್ದ. ಅವನ ಕುದುರೆಯನ್ನು ಬೇವಿನ ಮರಕ್ಕೆ ಕಟ್ಟಿತ್ತು. ಅದರ ಎಡಗಣ್ಣಿನ ಕೆಳಗೆ, ಕೆನ್ನೆಯ ತೊಗಲು ಪಟ್ಟಿಗೆ ಹೊಲಿದ ಒಂದು ಹಿತ್ತಾಳೆ ಬಿಲ್ಲೆ.

ಅದು ಯಾತಕ್ಕೆ ಎಂದು ಕೇಳಿದೆ.

“ಇದಿಲ್ದ ಸಿರುಗುಪ್ಪಿ ದಾರ್ಯಾಗ ಗಾಡಿ ನೆಟ್ಟಗ ಹೋಗಂಗಿಲ್ರಿ,” ಎಂದ. “ಬಳ್ಳಾರಿ ಅರಳಿ ಸಾವ್ಕಾರ್ರೊಬ್ರು ಕಂಡುಹಿಡ್ದಾರ. ಅವರ ಬಗ್ಗಿ ಮೂರು ಸಲ ಮಗಚಿತ್ತಂತ. ಬಿಲ್ಲಿ ಕಟ್ಟಿದ ದಿನದಿಂದ ಬಾಣದಂಗ ಹೋತಂತ.”

ಆ ಸಾವ್ಕಾರರು ನನ್ನ ಅಪ್ಪ. ಬಗ್ಗಿ ಮಗಚಿದ್ದು ಒಂದೇ ಸಲ. ಅಪ್ಪ ಕಂಡುಹಿಡಿದದ್ದು ಏನೂ ಇಲ್ಲ. ಐದು ವರ್ಷದಿಂದ ಈ ಸುಳ್ಳನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಕೇಳಿ ಕೇಳಿ ಹಲ್ಲು ಕಡಿಯುತ್ತಿದ್ದವನು, ಅದು ಈಗ ಕುರುಗೋಡಿನ ಬೀದಿಯಲ್ಲಿ, ಅಪಶಕುನದ ಕೂದಲಸುಳಿಯೇ ಇಲ್ಲದ ಕುದುರೆಯೊಂದರ ಮುಖದ ಮೇಲೆ ನೇತಾಡುತ್ತಿರುವುದನ್ನು ಕಂಡೆ. ದಿನದಿನದ ಸಂಗತಿ ತಿಥಿ ಹಾಕಿ ಬರೆದಿಡುವ ಚಾಳಿ ನನಗೆ ಸಾಲೆಯ ಕಾಲದಿಂದಲೂ ಇದೆ. ಅದರಿಂದ ಆಗಿರುವ ಉಪಯೋಗ ಇಷ್ಟೇ: ಅದು ನನ್ನ ಸಿಟ್ಟನ್ನು ಹಳೆಯದಾಗಲು ಬಿಟ್ಟಿಲ್ಲ.

ಅದು ವಿಜಯ ಸಂವತ್ಸರ. ನನಗೆ ಹತ್ತೊಂಬತ್ತು. ನನ್ನ ಅಕ್ಕ ನೀಲಮ್ಮನನ್ನು ಸಿರುಗುಪ್ಪೆಗೆ ಕೊಟ್ಟಿತ್ತು. ಹಿಂದಿನ ವರ್ಷ ಚೊಚ್ಚಲ ಹೆರಿಗೆಗೆ ತವರಿಗೆ ಕರೆತರುವಾಗ ಬಂಡಿಯಲ್ಲಿ ಮೂರು ಹಾಸಿಗೆ ಹಾಸಿ ಅವಳನ್ನು ಮಲಗಿಸಿದ್ದರು. ತೆಕ್ಕಲಕೋಟೆ ದಾಟುವಷ್ಟರಲ್ಲಿ ನೋವು ಕಾಣಿಸಿಕೊಂಡಿತು. ಬಳ್ಳಾರಿ ಮುಟ್ಟಿದ ಮರುದಿನ ಮಗು ಹೋಯಿತು. ಬಂಡಿಗೆ ಪೆಟ್ಟು ನುಂಗುವ ಕಮಾನು ಪಟ್ಟಿ ಇರುವುದಿಲ್ಲ. ಗಾಲಿಗೆ ಬಿದ್ದ ಪೆಟ್ಟು ನೇರ ಕೂತವರ ಸೊಂಟಕ್ಕೆ. ಅದರಿಂದಲೇ ಹೀಗಾಯಿತೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಆಷಾಢದಲ್ಲಿ ಅಕ್ಕ ಮತ್ತೆ ಬಸುರಿ ಎಂಬ ಸುದ್ದಿ ಬಂದ ದಿನ ಅಪ್ಪ, ಊಟದ ತಟ್ಟೆಯಿಂದ ತಲೆ ಎತ್ತದೆ, ಈ ಸಲ ನನ್ನ ಮಗಳು ಬಂಡಿಯಲ್ಲಿ ಬರುವುದಿಲ್ಲ ಎಂದರು. ಅವರ ಮೇಲೆ ನನಗಿರುವ ಸಿಟ್ಟಿನ ನಡುವೆಯೂ ಆ ಮಾತನ್ನು ನಾನು ಮರೆತಿಲ್ಲ.

ದಂಡಿನ ಬಿಳಿಯ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ಅವನ ಹಳೆಯ ಬಗ್ಗಿ ಹರಾಜಿಗೆ ಬಂತು. ಎರಡು ಗಾಲಿ, ಒಂದೇ ಕುದುರೆ, ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಒಬ್ಬ ನಿಲ್ಲುವ ಹಲಗೆ, ಅಡಿಯಲ್ಲಿ ಉಕ್ಕಿನ ಕಮಾನುಗಳು. ಎಷ್ಟೋ ವರ್ಷದಿಂದ ಅದು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಮೇಲಿನ ತೊಗಲು ಹರಿದು ಜೋತಾಡುತ್ತಿತ್ತು, ಗಾಲಿಯ ಅರೆಗಳು, ನಡುವಿನ ಕಡ್ಡಿಗಳು, ಒಣಗಿ ಗಡಗಡ ಎನ್ನುತ್ತಿದ್ದವು, ಕೂರುವ ಜಾಗದಲ್ಲಿ ಕೋಳಿ ಮೊಟ್ಟೆ ಇಟ್ಟಿತ್ತು. ಅಪ್ಪ ಕಮಾನುಗಳನ್ನು ಕೈಯಿಂದ ಒತ್ತಿ ನೋಡಿ, ಅವು ಮೆಲ್ಲಗೆ ಕುಗ್ಗಿ ಏಳುವುದನ್ನು ನೋಡಿ, ಕೊಂಡೇಬಿಟ್ಟರು.

ಶ್ರಾವಣ, ಭಾದ್ರಪದ ಎರಡೂ ತಿಂಗಳು ನಮ್ಮ ಹಿತ್ತಲಲ್ಲಿ ಅದರದೇ ಕೆಲಸ. ಬಡಿಗ ಬಂದ, ತೊಗಲಿನವನು ಬಂದ, ಬಣ್ಣದವನು ಬಂದ. ಅಪ್ಪ ಬಂದವರಿಗೆಲ್ಲ ಹೇಳಿದ್ದು ಒಂದೇ ಮಾತು: “ದೊರಿ ಹೆಂಗ ಬಿಟ್ಟಿದ್ನೋ ಹಂಗ ಆಗಬೇಕು. ಒಂದು ಮೊಳಿ ಆಚೀಚಿ ಆಗಬಾರ್ದು.” ಹಳೆಯ ಬಣ್ಣವನ್ನು ಚಾಕುವಿನಿಂದ ಪದರ ಪದರವಾಗಿ ಕೆರೆದು, ತಳದಲ್ಲಿ ಸಿಕ್ಕಿದ ಕಡುಹಸಿರನ್ನೇ ಮತ್ತೆ ಕಲಸಿ ಹಚ್ಚಿಸಿದರು. ಮುರಿದ ಅರೆಗೆ ಬದಲಿ ಅರೆ ಕಡೆಯುವಾಗ ಹಳೆಯದನ್ನು ಪಕ್ಕದಲ್ಲಿಟ್ಟು ನೂಲು ಹಿಡಿದು ಅಳೆಸಿದರು. ಹಿಂಬದಿಯಲ್ಲಿ, ಅಚ್ಚು ಕೂರುವ ಮರಕ್ಕೆ ಒಂದು ಹಿತ್ತಾಳೆ ಬಿಲ್ಲೆ ತಿರುಪು ಹಾಕಿ ಬಿಗಿದಿತ್ತು. ಅದನ್ನು ಮಾಡಿದ ಮದರಾಸಿನ ಕಾರ್ಖಾನೆಯ ಹೆಸರು ಅದರ ಮೇಲೆ ಇಂಗ್ಲಿಷಿನಲ್ಲಿ ಕೊರೆದಿತ್ತು. ಅಪ್ಪನಿಗೆ ಇಂಗ್ಲಿಷ್ ಬಾರದು. ದಿನಾ ಸಂಜೆ ಮೊಣಕಾಲೂರಿ ಕೂತು ಹುಣಸೆಹಣ್ಣು ಹಾಕಿ ಅದನ್ನು ತಿಕ್ಕುತ್ತಿದ್ದರು. ಬಂದವರೆದುರು ನನ್ನನ್ನು ಕರೆದು ಓದಿಸುತ್ತಿದ್ದರು.

ಬಗ್ಗಿ ಹೊಡೆಯಲು ನಾನೇ ಕಲಿಯಬೇಕಾಯಿತು. ಅಕ್ಕನ ಪಕ್ಕದಲ್ಲಿ ಒಂದೇ ಜಾಗ, ಅಲ್ಲಿ ಕೂತು ಲಗಾಮು ಹಿಡಿಯುವವನು ಅವಳ ತಮ್ಮನೇ ಆಗಿದ್ದರೆ ಸರಿ, ಪರರು ಕೂರುವಂತಿಲ್ಲ. ಕಲಿಸಲು ಖಾದರಸಾಬನನ್ನು ಇಟ್ಟರು. ದಂಡಿನ ಲಾಯದಲ್ಲಿ ಹನ್ನೆರಡು ವರ್ಷ ಕುದುರೆ ಕಟ್ಟಿದವನು. ಗಡ್ಡಕ್ಕೆ ಮದರಂಗಿ, ಸೊಂಟಕ್ಕೆ ಯಾವುದೋ ಕಾಲದ ಸರ್ಕಾರಿ ಬೆಲ್ಟು, ಬಂಡಿ ಹೊಡೆಯುವವರ ಮೇಲೆ ತೀರದ ತಾತ್ಸಾರ. ಕಂದು ಬಣ್ಣದ ಹೆಣ್ಣು ಕುದುರೆಯನ್ನು ಹುಡುಕಿ ತಂದವನೂ ಅವನೇ. ನಾವು ಅದಕ್ಕೆ ಕೆಂಚಿ ಎಂದು ಹೆಸರಿಟ್ಟೆವು.

ಖಾದರಸಾಬ ಮೊದಲ ಎಂಟು ದಿನ ನನ್ನನ್ನು ಕುದುರೆಯ ಹತ್ತಿರವೇ ಬಿಡಲಿಲ್ಲ. ಲಗಾಮಿನ ಎರಡು ಪಟ್ಟಿಗಳನ್ನು ಪಡಸಾಲೆಯ ಕಿಟಕಿಯ ಸರಳುಗಳ ಮೇಲಿಂದ ಆಚೆಗೆ ಇಳಿಬಿಟ್ಟು, ಒಂದೊಂದರ ತುದಿಗೂ ನೀರು ತುಂಬಿದ ಚರಿಗೆ ಕಟ್ಟಿದ. ನಾನು ಒಳಗೆ ಕೂತು ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಬೇಕು, ನೀರು ತುಳುಕಬಾರದು. ಬೀದಿಯಲ್ಲಿ ಹೋಗುವವರು ನಿಂತು ನೋಡಿ, ಸಾವ್ಕಾರರ ಮಗ ಕಿಟಕಿಯಿಂದ ನೀರು ಸೇದುತ್ತಿದ್ದಾನೆ ಎಂದು ನಗುತ್ತಿದ್ದರು. ನನ್ನ ಕೈ ಬಿಗಿಯಾದಾಗಲೆಲ್ಲ ಖಾದರಸಾಬ ಹೊರಗಿನಿಂದ ಅನ್ನುತ್ತಿದ್ದ: “ಸಣ್ಣ ಸಾವ್ಕಾರ್ರ, ಅದು ಲಗಾಮ್ರಿ. ಬಾವಿ ಹಗ್ಗ ಅಲ್ಲ.”

ಆಮೇಲೆ ದಂಡಿನ ರಸ್ತೆಗಳಲ್ಲಿ ಬೆಳಗಿನ ಹೊತ್ತು ಕಲಿತೆ. ಕಂಕರು ಹಾಕಿ ಗಟ್ಟಿ ಮಾಡಿದ ಸಮ ರಸ್ತೆಗಳು. ಕೆಂಚಿ ನೂಲು ಹಿಡಿದಂತೆ ಹೋಗುತ್ತಿತ್ತು. ಅದರ ಕಿವಿ ನೋಡಿ ಅದರ ಮನಸ್ಸು ತಿಳಿಯುವುದು, ತಿರುವಿಗೆ ಮೊದಲೇ ಬೆರಳಿನಲ್ಲಿ ಸೂಚನೆ ಕೊಡುವುದು, ಇಳಿಜಾರಿನಲ್ಲಿ ಹಿಂದಕ್ಕೆ ಒರಗಿ ಕೂರುವುದು, ಇವೆಲ್ಲ ಭಾದ್ರಪದ ಮುಗಿಯುವಷ್ಟರಲ್ಲಿ ಕೈಗೆ ಹತ್ತಿದವು. ಜೀವನದಲ್ಲಿ ಅಷ್ಟು ಸಂತೋಷ ನನಗೆ ಬೇರೆ ಯಾವ ವಿದ್ಯೆಯೂ ಕೊಟ್ಟಿಲ್ಲ.

ತೊಂದರೆ ಶುರುವಾದದ್ದು ಊರು ದಾಟಿದ ಮೇಲೆ. ಕಂಕರು ಮುಗಿದು ಮಣ್ಣಿನ ದಾರಿ ಸಿಕ್ಕ ಕೂಡಲೇ ಬಗ್ಗಿ ವಾಲುತ್ತಿತ್ತು. ಸ್ವಲ್ಪ ದೂರ ಎಡಕ್ಕೆ ವಾಲಿ ಎಳೆಯುವುದು, ಇದ್ದಕ್ಕಿದ್ದಂತೆ ದಡಕ್ಕನೆ ಬಲಕ್ಕೆ ಜಾರುವುದು. ಕುದುರೆಯನ್ನು ಹೂಡುವ ಮರದ ಮೂಕಿ ಕೆಂಚಿಯ ಪಕ್ಕೆಗೆ ಒತ್ತಿ ಅದು ತಲೆ ಕೊಡವುತ್ತಿತ್ತು. ನನ್ನ ಎಡಗೈ ಭಾರ ಎಂದ ಖಾದರಸಾಬ. ಎಡಗೈಯ ಲಗಾಮನ್ನು ಎರಡೇ ಬೆರಳಲ್ಲಿ ಹಿಡಿದು ನೋಡಿದೆ, ವಾಲುವುದು ನಿಲ್ಲಲಿಲ್ಲ. ಅವನೇ ಹಿಡಿದು ನೋಡಿದ, ಆಗಲೂ ನಿಲ್ಲಲಿಲ್ಲ. ಅದಕ್ಕೆ ಅವನು ಕೊಟ್ಟ ಕಾರಣ, ನಾನು ಕುದುರೆಯನ್ನು ಕೆಡಿಸಿಬಿಟ್ಟಿದ್ದೇನೆ ಎಂದು. ಎಡಕ್ಕೆ ಎಷ್ಟು ಸಲ, ಬಲಕ್ಕೆ ಎಷ್ಟು ಸಲ ಎಂದು ಗೀಟು ಹಾಕುತ್ತಾ ಬಂದೆ. ಎರಡೂ ಹೆಚ್ಚುಕಡಿಮೆ ಸಮ ಬರುತ್ತಿದ್ದವು. ಅದರ ಅರ್ಥ ನನಗೂ ಆಗ ಹೊಳೆಯಲಿಲ್ಲ.

ಮಹಾನವಮಿಯ ದಿನ ಬಗ್ಗಿಗೂ ಕುದುರೆಗೂ ಪೂಜೆ. ಅವ್ವ ಕೆಂಚಿಯ ಮುಖಕ್ಕೆ ಬಿಸಿನೀರು ಹಾಕಿ, ಸೆರಗಿನಿಂದ ಒರೆಸಿ, ಕುಂಕುಮ ಹಚ್ಚಲು ಬೆರಳು ಎತ್ತಿದವರು ಹಾಗೆಯೇ ನಿಂತರು. ಎಡಗಣ್ಣಿನ ಕೆಳಗೆ ಅಂಟಿಸಿದಂತೆ ಮಲಗಿದ್ದ ಕೂದಲು ನೀರಿಗೆ ಎದ್ದು ನಿಂತು, ಅಲ್ಲೊಂದು ಸುಳಿ ಕಾಣುತ್ತಿತ್ತು. ಕಣ್ಣೀರು ಸುಳಿ. ಕುದುರೆಗೆ ಆ ಜಾಗದಲ್ಲಿ ಸುಳಿ ಇದ್ದರೆ ಕಟ್ಟಿದ ಮನೆಯವರು ಅಳುತ್ತಾರೆ ಎಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಖಾದರಸಾಬ ಅದರ ಮೇಲೆ ಮೇಣ ತಿಕ್ಕಿ ಮುಚ್ಚಿದ್ದ.

ಅಪ್ಪ ಅವನನ್ನು ಅಂಗಳದ ನಡುವೆ ನಿಲ್ಲಿಸಿ ಕೇಳಿದರು. ಅವನು ಅಲ್ಲಗಳೆಯಲಿಲ್ಲ.

“ಕುದುರಿ ಕಾಲ್ ನೋಡಿ ತಗೋಬೇಕ್ರಿ ಸಾವ್ಕಾರ್ರ,” ಎಂದ. “ನಾ ಕಾಲ್ ನೋಡೀನಿ, ಎದಿ ನೋಡೀನಿ, ಉಸಿರು ನೋಡೀನಿ. ಇಂಥಾದ್ದು ದಂಡಿನ್ಯಾಗೂ ಇಲ್ಲ. ಮಂದಿ ಬಂದು ಬಂದು ಇದರ ಮಾರಿ ನೋಡಿ ವಾಪಸ್ ಹೋಗಿದ್ರು. ನೀವೂ ಹೋಗ್ತಿದ್ರಿ.”

ಅವನು ಮುಚ್ಚಿದ್ದು ತಪ್ಪು. ಅದನ್ನು ನಾನು ಅಂದೂ ಒಪ್ಪಿದ್ದೆ, ಇಂದೂ ಒಪ್ಪುತ್ತೇನೆ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಬಗ್ಗಿ ಯಾಕೆ ವಾಲುತ್ತದೆ ಎಂದು ಕೇಳುವುದನ್ನೇ ಬಿಟ್ಟರು. ಉತ್ತರ ಸಿಕ್ಕಿಬಿಟ್ಟಿತ್ತಲ್ಲ. ಊರೊಳಗೆ ನೆಟ್ಟಗೆ ಹೋಗುವ ಕುದುರೆ ಊರು ದಾಟಿದ ಮೇಲೆ ಯಾಕೆ ಹೀಗೆ ಎಂದರೆ, ಗಡಿ ದಾಟಿದ ಮೇಲೆ ಸುಳಿಗೆ ಬಲ ಬರುತ್ತದೆ ಎಂದು ಅದಕ್ಕೂ ಒಂದು ಸಮಾಧಾನ ಹುಟ್ಟಿತು. ಎಡಗಣ್ಣಿನ ಸುಳಿ ಬಲಕ್ಕೆ ಯಾಕೆ ಎಳೆಯುತ್ತದೆ ಎಂದು ನಾನು ಕೇಳಿದರೆ, ಓದು ಹೆಚ್ಚಾಯಿತು ಎಂದರು.

ಕಾರ್ತಿಕದಲ್ಲಿ ಕುರುಗೋಡಿನವರೆಗೆ ಹೋಗಿ ಬರೋಣ ಎಂದು ಅಪ್ಪ ಹೊಸ ರುಮಾಲು ಸುತ್ತಿ ನನ್ನ ಪಕ್ಕ ಕೂತರು. ಖಾದರಸಾಬ ಹಿಂದಿನ ಹಲಗೆಯ ಮೇಲೆ ನಿಂತ. ಕುರುಗೋಡು ಇನ್ನೇನು ಕಾಣಬೇಕು ಎನ್ನುವಾಗ, ಎರಡೂ ಕಡೆ ಮೊಣಕಾಲೆತ್ತರದ ಜೋಳದ ನಡುವೆ, ಬಗ್ಗಿ ಒಮ್ಮೆಗೇ ಬಲಕ್ಕೆ ಜಾರಿ ಮಗಚಿತು. ಅಪ್ಪ ಜೋಳದೊಳಕ್ಕೆ ಹೋಗಿ ಬಿದ್ದರು. ಒಂದು ಮೂಕಿ ಸೀಳಿತು. ಕೆಂಚಿ ಓಡಿಹೋಗಲಿಲ್ಲ, ನಡುಗುತ್ತಾ ನಿಂತಲ್ಲೇ ನಿಂತಿತ್ತು. ಯಾರಿಗೂ ಪೆಟ್ಟಾಗಿರಲಿಲ್ಲ. ಅಪ್ಪ ಎದ್ದು ರುಮಾಲಿನ ಮಣ್ಣು ಕೊಡವಿಕೊಂಡು, ನಮ್ಮಿಬ್ಬರ ಮುಖ ನೋಡದೆ, ಹಾದುಹೋಗುತ್ತಿದ್ದ ಒಂದು ಬಂಡಿ ಹತ್ತಿ ಬಳ್ಳಾರಿಯ ದಾರಿ ಹಿಡಿದರು. ಹತ್ತುವ ಮುಂಚೆ ತೀರ್ಪು ಹೇಳಿದರು. ಕುದುರೆಯನ್ನು ಮಾರುವುದು. ಖಾದರಸಾಬ ತನ್ನ ದಾರಿ ನೋಡಿಕೊಳ್ಳುವುದು. ನೀಲಮ್ಮ ಬಂಡಿಯಲ್ಲೇ ಬರುವುದು, ನಾಲ್ಕು ಹಾಸಿಗೆ ಹಾಕಿದರಾಯಿತು.

ನಾಲ್ಕು ಹಾಸಿಗೆ! ಹೋದ ಸಲ ಮೂರು ಹಾಸಿದ್ದರು.

ಬಗ್ಗಿಯನ್ನು ಮನೆಗೆ ಸಾಗಿಸಲು ನಾನು ಇನ್ನೊಂದು ಬಂಡಿ ಹಿಡಿದು, ಅದರ ಹಿಂದಕ್ಕೆ ಮೂಕಿಗಳನ್ನು ಹಗ್ಗದಿಂದ ಬಿಗಿಸಿದೆ. ಖಾದರಸಾಬ ಕೆಂಚಿಯ ಲಗಾಮು ಹಿಡಿದು ಬಹಳ ಹಿಂದೆ ನಡೆದು ಬರುತ್ತಿದ್ದ. ನಾನು ಬಂಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು, ಬಗ್ಗಿಯ ಕಡೆಗೆ ಮುಖ ಮಾಡಿ ಕೂತಿದ್ದೆ. ಸ್ವಲ್ಪ ದೂರ ಬಂದಿರಬೇಕು. ನೋಡುತ್ತಿದ್ದಂತೆ ಬಗ್ಗಿ ಎಡಕ್ಕೆ ವಾಲಿತು. ಇನ್ನಷ್ಟು ದೂರ ಬಂದು ದಡಕ್ಕನೆ ಬಲಕ್ಕೆ ಜಾರಿತು. ಅದರ ಮುಂದೆ ಕುದುರೆ ಇರಲಿಲ್ಲ. ಲಗಾಮೂ ಇರಲಿಲ್ಲ, ನನ್ನ ಎಡಗೈಯೂ ಇರಲಿಲ್ಲ. ಸುಳಿ ಅರ್ಧ ಹರಿದಾರಿ ಹಿಂದೆ ನಡೆದು ಬರುತ್ತಿತ್ತು.

ನಾನು ಕೆಳಗೆ ಹಾರಿ ನೆಲ ನೋಡಿದೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಬೆಣ್ಣೆ, ಮಳೆ ನಿಂತ ಮೇಲೆ ಕಲ್ಲು. ಹಸಿಯಿದ್ದಾಗ ಒಂದರ ಹಿಂದೊಂದು ಬಂಡಿ ಹಾಯ್ದು ಮೊಳಕೈ ಹುದುಗುವಷ್ಟು ಆಳದ ಎರಡು ಜಾಡು ಬಿದ್ದು, ಹಾಗೆಯೇ ಒಣಗಿ ಗಟ್ಟಿಯಾಗಿದ್ದವು. ಬಂಡಿಯ ಎರಡು ಗಾಲಿಗಳು ಆ ಎರಡು ಜಾಡಿನಲ್ಲಿ ಕೂತು ಹೋಗುತ್ತಿದ್ದವು. ಬಗ್ಗಿಯದು ಒಂದೇ ಗಾಲಿ ಜಾಡಿನಲ್ಲಿ. ಇನ್ನೊಂದು ನಡುವಿನ ದಿಬ್ಬದ ಅಂಚಿನ ಮೇಲೆ. ಅಂಚು ಕುಸಿದಾಗ ಆ ಗಾಲಿ ಆ ಕಡೆಯ ಜಾಡಿಗೆ ಬೀಳುತ್ತಿತ್ತು, ಈ ಕಡೆಯದು ದಿಬ್ಬಕ್ಕೆ ಏರುತ್ತಿತ್ತು. ಹಗ್ಗ ತೆಗೆದುಕೊಂಡು ಎರಡರ ಗಾಲಿಗಳ ನಡುವನ್ನೂ ಅಳೆದೆ. ಬಗ್ಗಿ ಬಂಡಿಗಿಂತ ಒಂದು ಗೇಣು ಕಿರಿದಾಗಿತ್ತು. ಕಂಕರಿನ ರಸ್ತೆಯಲ್ಲಿ ಜಾಡೇ ಇಲ್ಲ, ಆದ್ದರಿಂದ ಅಲ್ಲಿ ಅದು ತಿಳಿಯುತ್ತಿರಲಿಲ್ಲ. ಖಾದರಸಾಬನಿಗೂ ತಿಳಿದಿರಲಿಲ್ಲ, ಅವನು ಹನ್ನೆರಡು ವರ್ಷದಲ್ಲಿ ದಂಡಿನ ರಸ್ತೆ ಬಿಟ್ಟು ಕೆಳಗೆ ಇಳಿದವನೇ ಅಲ್ಲ.

ಓಡಿದಂತೆ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅಚ್ಚು ಒಂದು ಗೇಣು ಉದ್ದ ಮಾಡಿಸಿದರೆ ಮುಗಿಯಿತು, ಕಮಾನು ಹಾಗೆಯೇ ಇರುತ್ತವೆ ಎಂದೆ. ಅಳತೆಯ ಹಗ್ಗ ಅವರ ಮುಂದೆ ಹಿಡಿದೆ. ಅವರು ಅದನ್ನು ಮುಟ್ಟಲಿಲ್ಲ.

“ಮದರಾಸಿನ್ಯಾಗ ಮಾಡಿದ್ದು ತಪ್ಪು, ಕುರುಗೋಡಿನ ಕೆಸರು ಸರಿ ಅಂತೀಯೇನಲೇ?”

“ಯಾವುದೂ ತಪ್ಪಲ್ಲಪ್ಪ. ಅಳತಿ ಕೂಡಂಗಿಲ್ಲ, ಅಷ್ಟ.”

“ಕುದುರಿ ಬದಲಿ ಮಾಡಬಹುದು. ಬಗ್ಗಿ ಬದಲಿ ಮಾಡಂಗಿಲ್ಲ.” ಅಷ್ಟು ಹೇಳಿ ಒಳಗೆ ಹೋದರು.

ಆ ಮಾತು ನನಗೆ ಈಗಲೂ ಜೀರ್ಣವಾಗಿಲ್ಲ. ಮರ, ಕಬ್ಬಿಣ, ಬಣ್ಣ ಇವು ಪವಿತ್ರ. ಯಾಕೆಂದರೆ ದೊರೆ ಬಿಟ್ಟುಹೋದದ್ದು. ಉಸಿರಾಡುವ ಕುದುರೆ, ಅದನ್ನು ಸಾಕಿದ ಮನುಷ್ಯ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡ ಮಗಳು, ಇವರನ್ನೆಲ್ಲ ಬದಲಿಸಬಹುದು, ಕಳಿಸಬಹುದು, ನಾಲ್ಕು ಹಾಸಿಗೆಯ ಮೇಲೆ ಮಲಗಿಸಬಹುದು. ಮಗಳಿಗಾಗಿ ಕೊಂಡ ಬಗ್ಗಿ ಎನ್ನುವುದೇ ಅವರಿಗೆ ಮರೆತುಹೋಗಿತ್ತು.

ಮಾರ್ಗಶಿರದಲ್ಲಿ ಅಪ್ಪ ಅರಳೆಯ ವ್ಯಾಪಾರಕ್ಕೆ ಆದವಾನಿಗೆ ಹೋದರು. ಅಕ್ಕನನ್ನು ಕರೆತರುವ ದಿನ ಹತ್ತಿರ ಬಂದಿತ್ತು. ಬಂಡಿ ಗೊತ್ತು ಮಾಡಿ ಆಗಿತ್ತು. ಕೆಂಚಿಯನ್ನು ಕೊಳ್ಳಲು ಯಾರೂ ಬಂದಿರಲಿಲ್ಲ. ಮೇಣ ಈಗ ಇರಲಿಲ್ಲವಲ್ಲ. ಖಾದರಸಾಬ ಕೆಲಸ ಹೋದರೂ ದಿನಾ ಬೆಳಿಗ್ಗೆ ಬಂದು ಅದಕ್ಕೆ ಹುರುಳಿ ಹಾಕಿ ಹೋಗುತ್ತಿದ್ದ. ನಾನು ಅವ್ವನನ್ನು ಅಂಗಳಕ್ಕೆ ಕರೆದು ನೆಲದ ಮೇಲೆ ಇದ್ದಿಲಿನಿಂದ ಎರಡು ಜಾಡು ಗೀಚಿ, ಬಂಡಿಯ ಅಳತೆ, ಬಗ್ಗಿಯ ಅಳತೆ ಎರಡನ್ನೂ ಕಡ್ಡಿ ಇಟ್ಟು ತೋರಿಸಿದೆ. ಅವ್ವ ಸಣ್ಣ ಕಡ್ಡಿಯ ಎರಡು ತುದಿಗಳನ್ನೂ ಬೆರಳಿನಿಂದ ಮುಟ್ಟಿದರು.

“ಒಂದ ಕಾಲು ಕಟ್ಟಿ ಮ್ಯಾಲ, ಒಂದ ಕಾಲು ನೆಲದ ಮ್ಯಾಲ ಇಟ್ಟು ನಡದಂಗ,” ಎಂದರು. “ಇಷ್ಟ ಏನು?”

“ಇಷ್ಟ.”

“ಸುಳಿ ನನಗೂ ಹೆದರಿಕಿ ಐತಿ, ಇಲ್ಲ ಅನ್ನಂಗಿಲ್ಲ. ಬಂಡಿ ಅಂದ್ರ ಅದಕ್ಕಿಂತ ಹೆಚ್ಚಿನ ಹೆದರಿಕಿ. ಹೋಗು, ಮಾಡಿಸ್ಕೊಂಡು ಬಾ. ನಿಮ್ಮಪ್ಪಗ ನಾ ಹೇಳ್ತೀನಿ.”

ಮೂಕಿಯನ್ನು ಬಳ್ಳಾರಿಯಲ್ಲೇ ಸರಿಮಾಡಿಸಿ, ಬಗ್ಗಿಯನ್ನು ಮತ್ತೆ ಬಂಡಿಗೆ ಕಟ್ಟಿಕೊಂಡು ನಾನೂ, ಕೆಂಚಿಯನ್ನು ಹಿಡಿದ ಖಾದರಸಾಬನೂ ಕುರುಗೋಡಿಗೆ ಹೋದೆವು. ಅಲ್ಲಿಯ ಕಮ್ಮಾರ ಈರಣ್ಣ ಸುತ್ತಲಿನ ಊರಿಗೆಲ್ಲ ಬಂಡಿಯ ಅಚ್ಚು ಮಾಡುವವನು. ಅವನ ಕುಲುಮೆಯ ಗೋಡೆಗೆ ಎರಡು ಕಡೆ ಗೀರಿದ ಒಂದು ಕೋಲು ತೂಗುಹಾಕಿತ್ತು. ಎಲ್ಲ ಅಚ್ಚೂ ಅದರ ಅಳತೆಗೇ. ಅವರಪ್ಪನದೂ ಅದೇ ಕೋಲಂತೆ. ಕೋಲನ್ನು ಬಗ್ಗಿಯ ಕೆಳಗೆ ಹಿಡಿದು ನೋಡಿ ಅವನು ಬಾಯಿ ತುಂಬ ನಕ್ಕ: “ಇಷ್ಟು ದಿನ ಇದು ನಮ್ಮ ಜಾಡಿನ್ಯಾಗ ಕುಂಟೆಬಿಲ್ಲೆ ಆಡಾಕ ಹತ್ತಿತ್ತೇನ್ರಿ?”

ಹಳೆಯ ಅಚ್ಚು ಬಿಚ್ಚುವಾಗ ಮರಕ್ಕೆ ಬಿಗಿದಿದ್ದ ಮದರಾಸಿನ ಬಿಲ್ಲೆಯನ್ನೂ ತೆಗೆಯಬೇಕಾಯಿತು. ಅದನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡೆ. ಎರಡನೆಯ ದಿನ ಮಧ್ಯಾಹ್ನ ಹೊಸ ಅಚ್ಚು ಕೂತಿತು. ಗಾಲಿಗಳು ಎರಡೂ ಕಡೆ ಹೊರಕ್ಕೆ ಬಂದು ನಿಂತಿದ್ದವು. ಖಾದರಸಾಬನಿಗೆ ಅದನ್ನು ನೋಡಲಾಗಲಿಲ್ಲ. ಕಾಲು ಅಗಲಿಸಿ ನಿಂತ ಕಪ್ಪೆಯ ಹಾಗೆ ಆಯಿತು, ದಂಡಿನವರು ಕಂಡರೆ ಉಗುಳುತ್ತಾರೆ ಎಂದು ಗೊಣಗಿದ. ದೊರೆ ಬಿಟ್ಟದ್ದೇ ಸರಿ ಎನ್ನುವುದರಲ್ಲಿ ಅವನೂ ಅಪ್ಪನ ಜಾತಿಯವನೇ ಎಂದು ಆಗ ಅನ್ನಿಸಿತು.

ಕುರುಗೋಡು ದಾಟಿ ಜಾಡು ಸಿಕ್ಕಿದಾಗ ಎರಡು ಗಾಲಿಗಳೂ ಒಟ್ಟಿಗೆ ಮೆಲ್ಲಗೆ ಇಳಿದವು. ಆಮೇಲೆ ಸಿರುಗುಪ್ಪೆಯವರೆಗೆ ಲಗಾಮು ನನ್ನ ಕೈಯಲ್ಲಿ ಸುಮ್ಮನೆ ಬಿದ್ದಿತ್ತು. ಕೆಂಚಿ ಕಿವಿ ಮುಂದಕ್ಕೆ ಮಾಡಿ, ಕೊರಳ ಗೆಜ್ಜೆ ಒಂದೇ ಲಯದಲ್ಲಿ ಆಡಿಸುತ್ತಾ ಹೋಯಿತು. ಮೂಕಿ ಅದರ ಪಕ್ಕೆಯನ್ನು ಒಮ್ಮೆಯೂ ಒತ್ತಲಿಲ್ಲ. ನೆಲ್ಲಿನ ಗದ್ದೆಗಳ ಮೇಲಿಂದ ತಂಪು ಗಾಳಿ ಬರುತ್ತಿತ್ತು. ಖಾದರಸಾಬ ಹಿಂದಿನಿಂದ ಒಮ್ಮೆಯೂ ಬೈಯಲಿಲ್ಲ.

ನಮಗಿಂತ ಮೊದಲು ಸುಳಿಯ ಸುದ್ದಿ ಸಿರುಗುಪ್ಪೆ ಮುಟ್ಟಿತ್ತು. ಅಕ್ಕನ ಅತ್ತೆ ಬಾಗಿಲಲ್ಲೇ ನಿಂತು, ನೇರ ಕೆಂಚಿಯ ಎಡಗೆನ್ನೆ ನೋಡಿ, ಸೊಸೆಯನ್ನು ಈ ಕುದುರೆಯ ಹಿಂದೆ ಕೂರಿಸುವುದಿಲ್ಲ ಎಂದರು. ಬಂಡಿ ತರಿಸಿ ಎಂದು ಆಳಿಗೆ ಹೇಳಿದರು. ಅಕ್ಕ ಒಳಗಿನಿಂದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಂದಳು. ಮುಖ ಬಿಳಿಚಿತ್ತು.

“ಬಂಡ್ಯಾಗ ನಾ ಬರಂಗಿಲ್ಲ, ಅತ್ತಿ,” ಎಂದಳು. ದನಿ ಏರಿಸಲಿಲ್ಲ. “ಹೋದ ಸಲ ಅದರ ಒಂದೊಂದು ಪೆಟ್ಟೂ ನಾ ಉಂಡೀನಿ. ಇದರಾಗ ಕಳಸ್ರಿ, ಇಲ್ಲಾಂದ್ರ ಇಲ್ಲೇ ಇರ್ತೀನಿ.”

ಹೆರಿಗೆಗೆ ತವರಿಗೆ ಕಳಿಸದಿದ್ದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ; ಕಳಿಸಿದರೆ ಸುಳಿ. ಅತ್ತೆ ಬಾಗಿಲು ಬಿಡಲಿಲ್ಲ. ನಾನು ಅಚ್ಚು, ಜಾಡು, ಗೇಣು ಎಂದು ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಅಷ್ಟರಲ್ಲಿ ಖಾದರಸಾಬ ನನ್ನ ಜೇಬಿಗೆ ಕೈ ಹಾಕಿ ಬಿಲ್ಲೆ ತೆಗೆದ. ತನ್ನ ಚೀಲದ ದಬ್ಬಳ, ಮೇಣದ ದಾರ ತೆಗೆದು, ಅದರ ತಿರುಪಿನ ತೂತುಗಳಲ್ಲಿ ದಾರ ಹಾಯಿಸಿ, ಕೆಂಚಿಯ ಕೆನ್ನೆಯ ಪಟ್ಟಿಗೆ, ಸರಿಯಾಗಿ ಸುಳಿಯ ಮೇಲೆ ಬರುವಂತೆ ಹೊಲಿದುಬಿಟ್ಟ.

“ಸುಳಿ ಮುಚ್ಚೇತ್ರಿ ತಾಯಿ,” ಎಂದ. “ಮದರಾಸಿಂದ ತರಿಸಿದ ಬಿಲ್ಲಿ. ಮ್ಯಾಲ ಇಂಗ್ರೇಜಿ ಅಕ್ಷರ ಕೊರದೈತಿ ನೋಡ್ರಿ. ಇದನ್ನ ದಾಟಿ ಯಾವ ಸುಳಿನೂ ಬರಂಗಿಲ್ಲ.”

ಅತ್ತೆ ಹತ್ತಿರ ಬಂದು ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ದಾರಿ ಬಿಟ್ಟರು. ಇದು ಸುಳ್ಳು ಎನ್ನಲು ಹೊರಟ ನನ್ನ ತೋಳನ್ನು ಅಕ್ಕ ಹಿಡಿದು ಬಗ್ಗಿ ಹತ್ತಿದಳು, ಕಿವಿಯ ಹತ್ತಿರ ಅಂದಳು: “ಚೆನ್ನ, ನಿನ್ನ ಲೆಕ್ಕ ಊರಿಗೆ ಹೋದ ಮ್ಯಾಲ ಹೇಳು. ಮೊದಲ ನನ್ನ ಕರ್ಕೊಂಡು ಹೋಗು.”

ಕರೆದುಕೊಂಡು ಹೋದೆ. ಕುರುಗೋಡಿನಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬಳ್ಳಾರಿ. ಅಕ್ಕ ದಾರಿಯುದ್ದಕ್ಕೂ ತೊಡೆಯ ಮೇಲೆ ನೀರಿನ ಚರಿಗೆ ಇಟ್ಟುಕೊಂಡಿದ್ದಳು. ಸೀರೆಯ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ತೆಕ್ಕಲಕೋಟೆಯ ಕಡೆಯ ದಾರಿ ಕವಲೊಡೆಯುವಲ್ಲಿ ಅವಳು ಒಮ್ಮೆ ಕಣ್ಣು ಮುಚ್ಚಿಕೊಂಡಳು. ಮತ್ತೆ ತೆರೆದಾಗ ಜೋಳದ ಹೊಲ ಶುರುವಾಗಿತ್ತು. ಮಾಘದಲ್ಲಿ ಹೆಣ್ಣು ಮಗು ಹುಟ್ಟಿತು. ಗಿರಿಜೆ ಎಂದು ಹೆಸರಿಟ್ಟರು.

ಅಪ್ಪ ಆದವಾನಿಯಿಂದ ಬಂದು ಮೊದಲು ಮಗಳನ್ನು ನೋಡಿದರು. ಆಮೇಲೆ ಹಿತ್ತಲಿಗೆ ಬಂದು ಬಗ್ಗಿಯ ಸುತ್ತ ಒಂದು ಸುತ್ತು ಹಾಕಿದರು. ಅದರ ಒಂದೊಂದು ಮೊಳೆಯೂ ಅವರಿಗೆ ಗೊತ್ತು. ಅರ್ಧರ್ಧ ಗೇಣು ಹೊರಕ್ಕೆ ಬಂದ ಗಾಲಿಗಳು ಅವರ ಕಣ್ಣಿಗೆ ಬೀಳಲಿಲ್ಲ ಎಂದರೆ ನಾನು ನಂಬುವುದಿಲ್ಲ. ಬಿಲ್ಲೆ ಇದ್ದ ಜಾಗದಲ್ಲಿ ಹೊಸ ಮರವಿತ್ತು, ಅದನ್ನೂ ನೋಡಿದರು. ಕೊನೆಗೆ ಕೆಂಚಿಯ ಹತ್ತಿರ ನಿಂತು, “ಬಿಲ್ಲಿ ಛಲೋ ಕುಂತೈತಿ,” ಎಂದರು. ಅಷ್ಟೇ. ಖಾದರಸಾಬ ಮರುದಿನದಿಂದ ಕೆಲಸಕ್ಕೆ ಬಂದ. ಒಂದು ತಿಂಗಳೊಳಗೆ ಅಪ್ಪ ಪಡಸಾಲೆಯಲ್ಲಿ ಬಂದವರಿಗೆ, ಸುಳಿಗೆ ಬಿಲ್ಲೆ ಕಟ್ಟುವ ಯೋಚನೆ ತಮಗೆ ಹೇಗೆ ಬಂತು ಎಂದು ಹೇಳತೊಡಗಿದ್ದರು. ನಾನು ಅಲ್ಲೇ ಎದುರಿಗೆ ಅಚ್ಚಿನ ವಿಷಯ ಹೇಳಿದರೆ ಜನ ಹುಡುಗನೆಂದು ನಕ್ಕು, ಮತ್ತೆ ಬಿಲ್ಲೆಯ ಕಥೆಗೇ ಕಿವಿ ಕೊಡುತ್ತಿದ್ದರು. ಖಾದರಸಾಬ ನನ್ನ ಪರವಾಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಆದರೆ ಬಿಲ್ಲೆಯ ಅಂಚು ಕೆಂಚಿಯ ಕಣ್ಣಿನ ಕೆಳಗೆ ಉಜ್ಜುತ್ತಿತ್ತು. ಮೊದಲು ಕೂದಲು ಹೋಯಿತು. ಈಗ ಅಲ್ಲಿ ಸುಳಿಯೇ ಇಲ್ಲ, ಬೋಳು ಚರ್ಮ ಇದೆ. ಎಡಗಣ್ಣಿನಿಂದ ಯಾವಾಗಲೂ ನೀರು ಇಳಿಯುತ್ತದೆ. ಎರಡು ಸಲ ಬಿಲ್ಲೆ ಬಿಚ್ಚಿದೆ. ಎರಡು ಸಲವೂ ಅಪ್ಪ ಮತ್ತೆ ಹೊಲಿಸಿದರು. ಇಳಿಯುವ ನೀರನ್ನು ತೋರಿಸಿದರೆ, ಸುಳಿಗೆ ಇನ್ನೂ ಎಷ್ಟು ಜೋರಿದೆ ನೋಡು, ಬಿಲ್ಲೆ ಇಲ್ಲದಿದ್ದರೆ ಆ ನೀರು ನಮ್ಮ ಕಣ್ಣಲ್ಲಿ ಬರುತ್ತಿತ್ತು ಎಂದರು.

ಹೋದ ವಾರ ಕುರುಗೋಡಿನಲ್ಲಿ, ಆ ಜಟಕಾದವನ ಮಾತು ಕೇಳಿ, ಬಾಗಿ ಅವನ ಗಾಡಿಯ ಕೆಳಗೆ ನೋಡಿದೆ. ಅಚ್ಚು ಉದ್ದವಾಗಿತ್ತು, ಹೊಸದು. ಯಾರು ಮಾಡಿದ್ದು ಎಂದರೆ ಈರಣ್ಣ ಎಂದ. ಬಿಲ್ಲೆಯೂ ಅಲ್ಲಿಯದೇ. ಕುಲುಮೆಗೆ ಹೋಗಿ ಈರಣ್ಣನನ್ನು ಕೇಳಿದೆ. ಅವನಿಗೆ ನಾಚಿಕೆಯೇನೂ ಆಗಲಿಲ್ಲ.

“ಅಚ್ಚು ಉದ್ದ ಮಾಡಿಸ್ರೋ ಅಂದ್ರ ಒಬ್ರೂ ಬರ್ತಿದ್ದಿಲ್ರಿ,” ಎಂದ. “ಬಿಲ್ಲಿ ಕಟ್ಟಾಕ ಬರ್ತಾರ. ಬಿಲ್ಲಿ ಕೂಡಬೇಕಂದ್ರ ಅಚ್ಚು ಬದಲಿ ಆಗಬೇಕು ಅಂತೀನಿ. ಮಾಡಿಸ್ಕೊಂಡು ಹೋಗ್ತಾರ. ಯಾರ ಗಾಡಿನೂ ಮಗಚಿಲ್ಲ ಈಗ.”

ಅವನು ನಕ್ಕ. ನನಗೆ ನಗು ಬರಲಿಲ್ಲ. ಆ ಬೀದಿಯಲ್ಲಿ ನಾಲ್ಕು ಕುದುರೆಗಳಿದ್ದವು. ನಾಲ್ಕರ ಎಡಗಣ್ಣೂ ಒದ್ದೆ.

ಬಳ್ಳಾರಿಗೆ ಬಂದವನು ಅಂಗಿ ಬಿಚ್ಚುವ ಮೊದಲೇ ಹಿತ್ತಲಿಗೆ ಹೋಗಿ ಕೆಂಚಿಯ ಪಟ್ಟಿಯಿಂದ ಬಿಲ್ಲೆಯನ್ನು ಕತ್ತರಿಸಿ ತೆಗೆದೆ. ಹುಣಸೆಹಣ್ಣು ಹಾಕಿ ತಿಕ್ಕಿದೆ. ಬಗ್ಗಿಯ ಹಿಂದೆ ಮೊಣಕಾಲೂರಿ, ಅಚ್ಚಿನ ಮರಕ್ಕೆ, ದೊರೆ ಎಲ್ಲಿ ಬಿಟ್ಟಿದ್ದನೋ ಸರಿಯಾಗಿ ಅಲ್ಲಿ, ನಾಲ್ಕು ತಿರುಪು ಹಾಕಿ ಬಿಗಿದೆ. ತಿರುಪಿನ ತಲೆಗಳನ್ನು ಅರದಿಂದ ಉಜ್ಜಿ ಸಾಪಾಟು ಮಾಡಿದೆ. ಇನ್ನು ಅದನ್ನು ತೆಗೆಯಬೇಕೆಂದರೆ ಮರ ಒಡೆಯಬೇಕು, ಮರ ಒಡೆಯಲು ಅಪ್ಪ ಬಿಡುವುದಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಗಿರಿಜೆಯನ್ನು ಎತ್ತಿಕೊಂಡು ಹಿತ್ತಲಿಗೆ ಬಂದರು. ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಾಳೆ. ಕೂಸಿಗೆ ದಿನಾ ಬಗ್ಗಿಯಲ್ಲಿ ತಿರುಗಬೇಕು. ಅಪ್ಪ ಕೆಂಚಿಯ ಬೋಳು ಕೆನ್ನೆ ನೋಡಿದರು. ಬಗ್ಗಿಯ ಹಿಂದಕ್ಕೆ ಹೋದರು. ಬಿಲ್ಲೆಯ ತಿರುಪುಗಳ ಮೇಲೆ ಬೆರಳಾಡಿಸಿದರು. ನಾನು ಕೈಯಲ್ಲಿ ಲಗಾಮು ಹಿಡಿದುಕೊಂಡು, ಐದು ವರ್ಷದಿಂದ ಕೂಡಿಟ್ಟಿದ್ದ ಮಾತನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ಕಾದೆ.

“ಗಾಲಿಗೆ ಎಣ್ಣಿ ಹಾಕಿದಿಯೇನಲೇ?” ಎಂದರು.

ಹಾಕಿದ್ದೇನೆ ಎಂದೆ.

ಮೊಮ್ಮಗಳನ್ನು ನಡುವೆ ಕೂರಿಸಿಕೊಂಡು ನನ್ನ ಪಕ್ಕ ಹತ್ತಿ ಕೂತರು. ಕುರುಗೋಡಿನ ದಾರಿಗೆ ಬಂದು ಗಾಲಿಗಳೆರಡೂ ಜಾಡಿಗೆ ಇಳಿಯುವಾಗ ಅವರ ಕೈ ಅಂಚಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದದ್ದು ಕಂಡೆ. ಸ್ವಲ್ಪ ದೂರ ಹೋದ ಮೇಲೆ ಆ ಕೈ ಸಡಿಲವಾಯಿತು. ಬಿಲ್ಲೆಯನ್ನು ಮತ್ತೆ ಕುದುರೆಗೆ ಕಟ್ಟು ಎಂದು ಅವರು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ.